ಒಂಬತ್ತು ಸ್ಟೂಲು

ಕಾಲುನೋವು ಯಾವಾಗಿನಿಂದ ಎಂದು ಡಾಕ್ಟರು ಕೇಳಿದಾಗ ದೊಡ್ಡಕ್ಕನಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಯಾವಾಗ ಇರಲಿಲ್ಲ ಎಂದು ಕೇಳಿದ್ದರೆ ಹೇಳಬಹುದಿತ್ತು. ಚಪ್ಪಲಿ ಅಂಗಡಿಗೆ ಸೇರಿ ಇಪ್ಪತ್ತೊಂದು ವರ್ಷವಾಗಿತ್ತು. ಅದಕ್ಕೆ ಮುಂಚೆ ಇರಲಿಲ್ಲ.

ಡಾಕ್ಟರು ಅವಳ ಮೊಣಕಾಲಿನ ಹಿಂದೆ ಬೆರಳಿಟ್ಟು ಒತ್ತಿ ನೋಡಿದರು. ಅಲ್ಲಿ ನರಗಳು ನೀಲಿ ಹುರಿಯ ಹಾಗೆ ಗಂಟುಗಂಟಾಗಿ ಉಬ್ಬಿಕೊಂಡಿದ್ದವು.

"ನಿಂತ್ಕೊಂಡು ಮಾಡೋ ಕೆಲಸಾನಾ?"

"ಹೌದು ಡಾಕ್ಟ್ರೇ."

"ದಿನಕ್ಕೆ ಎಷ್ಟು ಗಂಟೆ?"

"ಹತ್ತೂವರೆ. ಸ್ಕೂಲು ಶುರುವಾಗೋ ಟೈಮಲ್ಲಿ ಹನ್ನೆರಡು."

"ಮಧ್ಯೆ ಮಧ್ಯೆ ಕೂತ್ಕೊಳ್ಳಿ. ಆದಷ್ಟು ಕಾಲನ್ನ ಸ್ವಲ್ಪ ಎತ್ತರದಲ್ಲಿ ಇಟ್ಕೊಳ್ಳಿ."

ದೊಡ್ಡಕ್ಕನಿಗೆ ನಗು ಬಂತು. ತಾವು ಹೇಳಿದ್ದರಲ್ಲಿ ತಮಾಷೆ ಏನಿತ್ತೆಂದು ತಿಳಿಯದ ಡಾಕ್ಟರು ಒಂದು ಜೊತೆ ಬಿಗಿ ಕಾಲುಚೀಲ, ಹತ್ತು ಮಾತ್ರೆ ಬರೆದುಕೊಟ್ಟರು.

ಅವಳ ಗಂಡ ಬಸ್ ಡ್ರೈವರ್. ಅವಳದು ನಿಂತು ನಿಂತು ಕಾಲು ಹೋಗಿದ್ದರೆ ಅವನದು ಕೂತು ಕೂತು ಸೊಂಟ ಹೋಗಿತ್ತು. ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಾಗ ಅವನು ಚೀಟಿ ಓದಿ ಹೇಳಿದ, "ನಿನ್ನ ಸೊಂಟ, ನನ್ನ ಕಾಲು ಸೇರಿಸಿದ್ರೆ ಒಬ್ಬ ಗಟ್ಟಿ ಮನುಷ್ಯ ಆಗ್ತಾನೆ ನೋಡು."

"ಉಳಿದಿದ್ದನ್ನ ಸೇರಿಸಿದ್ರೆ?"

"ಗುಜರಿಯವನು ತೂಕಕ್ಕೆ ತಗೋತಾನೆ."

ಅಂಗಡಿಗೆ ಮೂರು ಮಹಡಿ. ಕೆಳಗಡೆ ಗಂಡಸರ ಬೂಟು, ಮೊದಲ ಮಹಡಿಯಲ್ಲಿ ಹೆಂಗಸರ ಮತ್ತು ಮಕ್ಕಳ ವಿಭಾಗ, ಅದರ ಮೇಲೆ ಯಜಮಾನರ ಆಫೀಸು. ಮೊದಲ ಮಹಡಿಯಲ್ಲಿ ಒಂಬತ್ತು ಹೆಂಗಸರು. ಎಲ್ಲರಿಗಿಂತ ಹಳಬಳಾದ್ದರಿಂದ ಅವಳು ದೊಡ್ಡಕ್ಕ. ಹತ್ತಾರು ವರ್ಷದಿಂದ ಅವಳನ್ನು ಅಲ್ಲಿ ಬೇರೆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ಅವಳ ನಂತರ ಸೇರಿದವಳು ಏಣಿ. ಮೇಲಿನ ಸಾಲಿನ ಡಬ್ಬಿಯನ್ನು ಏಣಿಯಿಲ್ಲದೆ ಕೈಚಾಚಿ ತೆಗೆಯುವಷ್ಟು ಉದ್ದ ಇದ್ದಳಾದ್ದರಿಂದ ಆ ಹೆಸರು. ಎಲ್ಲರಿಗಿಂತ ಚಿಕ್ಕವಳು ಗುಬ್ಬಚ್ಚಿ, ಇಪ್ಪತ್ಮೂರು ವರ್ಷದವಳು, ಒಂದು ನಿಮಿಷ ಬಾಯಿ ಮುಚ್ಚಿ ಇರಲಾರದವಳು.

ಗಿರಾಕಿಗಳಿಗೆಂದು ಕೆಂಪು ಮೆತ್ತೆಯ ನಾಲ್ಕು ಬೆಂಚುಗಳಿದ್ದವು. ಗಿರಾಕಿ ಬಂದು ಕೂರುತ್ತಾರೆ. ಇವರು ಅವರ ಮುಂದೆ ಮಂಡಿಯೂರಿ ಪಾದದ ಅಳತೆ ತೆಗೆಯಬೇಕು, ಎದ್ದು ಹೋಗಿ ಡಬ್ಬಿ ತರಬೇಕು, ಮತ್ತೆ ಬಗ್ಗಿ ತೊಡಿಸಬೇಕು, ಹೆಬ್ಬೆರಳ ತುದಿ ಒತ್ತಿ ನೋಡಬೇಕು, ಬಣ್ಣ ಹಿಡಿಸದಿದ್ದರೆ ಮತ್ತೆ ಏಳಬೇಕು. ಅದು ಕೆಲಸ, ಅದಕ್ಕೆ ಯಾರೂ ಗೊಣಗುತ್ತಿರಲಿಲ್ಲ. ಕಷ್ಟವಿದ್ದದ್ದು ಗಿರಾಕಿ ಇಲ್ಲದ ಹೊತ್ತಿನಲ್ಲಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೆಂಚುಗಳು ಖಾಲಿ ಬಿದ್ದಿರುತ್ತಿದ್ದವು, ಒಂಬತ್ತು ಹೆಂಗಸರು ಅವುಗಳ ಪಕ್ಕದಲ್ಲೇ ಕೈಕಟ್ಟಿಕೊಂಡು ನಿಂತಿರುತ್ತಿದ್ದರು. ಮಾರಾಟದ ಜಾಗದಲ್ಲಿ ಸಿಬ್ಬಂದಿ ಕೂರುವಂತಿಲ್ಲ, ಗೋಡೆಗೆ ಒರಗುವಂತಿಲ್ಲ. ನಾಲ್ಕು ಮೂಲೆಗೆ ನಾಲ್ಕು ಕ್ಯಾಮೆರಾ. ಕೆಳಗಿನ ನೆಲಮಾಳಿಗೆಯ ಶೌಚಾಲಯಕ್ಕೆ ಹೋಗಬೇಕೆಂದರೆ ಪುಸ್ತಕದಲ್ಲಿ ಸಮಯ ಬರೆದು ಬೀಗದ ಕೈ ಇಸಿದುಕೊಳ್ಳಬೇಕು. ಪುಸ್ತಕದಲ್ಲಿ ಹೆಸರು ಹೆಚ್ಚು ಸಲ ಕಾಣಬಾರದೆಂದು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು.

ಪುಸ್ತಕ, ಬೀಗದ ಕೈ, ಕ್ಯಾಮೆರಾ ಮೂರೂ ಮೇಲ್ವಿಚಾರಕನ ಕೈಯಲ್ಲಿದ್ದವು. ಮಾತು ಮಾತಿಗೆ ಮಣಿಕಟ್ಟು ನೋಡಿಕೊಳ್ಳುತ್ತಿದ್ದ ಅವನಿಗೆ ಹೆಂಗಸರು ಗಡಿಯಾರ ಎಂದು ಹೆಸರಿಟ್ಟಿದ್ದರು. ಅವನೇನು ಕೆಟ್ಟ ಮನುಷ್ಯನಲ್ಲ, ಕೂಗಾಡುತ್ತಿರಲಿಲ್ಲ. ಗಾದೆ ಹೇಳುತ್ತಿದ್ದ ಅಷ್ಟೆ. ಹೊಸದಾಗಿ ಸೇರಿದವರು ಅಪ್ಪಿತಪ್ಪಿ ಬೆಂಚಿನ ಅಂಚಿಗೆ ಕೂತರೆ, "ಕೂತು ತಿನ್ನೋರಿಗೆ ಕುಡಿಕೆ ಹೊನ್ನು ಸಾಲದು ಕಣಮ್ಮ" ಎನ್ನುತ್ತಿದ್ದ. ಹೇಳಿ ಗಡಿಯಾರ ನೋಡಿಕೊಳ್ಳುತ್ತಿದ್ದ.

ಆ ವರ್ಷ ಗುಬ್ಬಚ್ಚಿ ಬಸುರಿಯಾದಳು.

ಮೊದಲ ತಿಂಗಳುಗಳಲ್ಲಿ ಅವಳು ಯಾರಿಗೂ ಹೇಳಲಿಲ್ಲ. ದೊಡ್ಡಕ್ಕನಿಗೆ ಹೇಳದೆಯೇ ಗೊತ್ತಾಯಿತು. ಹುಡುಗಿ ಮಾತು ಕಡಿಮೆ ಮಾಡಿದ್ದಳು, ಹೊಸ ರಬ್ಬರಿನ ವಾಸನೆ ಬಂದರೆ ಮುಖ ತಿರುಗಿಸುತ್ತಿದ್ದಳು. ಐದನೇ ತಿಂಗಳಲ್ಲಿ ಪಾದ ಊದಿ ಅವಳ ಚಪ್ಪಲಿಯೇ ಅವಳಿಗೆ ಹಿಡಿಸದಾಯಿತು.

"ಅಕ್ಕಾ, ಒಂದೈದು ನಿಮಿಷ ಎಲ್ಲಾದ್ರೂ ಕೂತ್ಕೋಬೇಕು ಅನ್ಸುತ್ತೆ" ಎಂದಳು ಒಂದು ಮಧ್ಯಾಹ್ನ.

ದೊಡ್ಡಕ್ಕ ಆಗ ಹೇಳಿದ ಮಾತು ಆಮೇಲೆ ಎಷ್ಟೋ ದಿನ ಅವಳನ್ನೇ ಚುಚ್ಚಿತು. "ನಾವೆಲ್ಲ ನಿಂತಿಲ್ವೇನೆ? ನನ್ನ ಮಗಳು ಹೊಟ್ಟೇಲಿದ್ದಾಗ ಎಂಟು ತಿಂಗಳವರೆಗೂ ಇಲ್ಲೇ ನಿಂತಿದ್ದೆ. ಹೆತ್ತ ಆರನೇ ವಾರಕ್ಕೆ ವಾಪಸ್ ಬಂದೆ."

ಇದನ್ನವಳು ಹೊಸ ಹುಡುಗಿಯರಿಗೆಲ್ಲ ಹೇಳಿಕೊಂಡು ಬಂದಿದ್ದಳು, ಪದಕ ತೋರಿಸುವವರ ಹಾಗೆ. ಗುಬ್ಬಚ್ಚಿ ತಲೆತಗ್ಗಿಸಿ "ಹೌದಕ್ಕಾ" ಎಂದಳು. ಹಾಗೆ ಅಂದ ದನಿ ಕೇಳಿ ದೊಡ್ಡಕ್ಕನಿಗೆ ಏನೋ ಕಸಿವಿಸಿಯಾಯಿತು. ಎಂಟನೇ ತಿಂಗಳಲ್ಲಿ ತಾನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು, ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಅತ್ತಿದ್ದು ನೆನಪಾಯಿತು. ಆ ಭಾಗವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮರುದಿನ ಅವಳೇ ಒಂದು ಜಾಗ ಮಾಡಿಕೊಟ್ಟಳು. ದಾಸ್ತಾನು ಕೋಣೆಯ ಹಿಂದಿನ ಸಾಲಿನಲ್ಲಿ, ಕ್ಯಾಮೆರಾ ಕಣ್ಣಿಗೆ ಬೀಳದ ಕಡೆ, ಗಂಬೂಟು ತುಂಬಿದ ಎರಡು ದೊಡ್ಡ ಪೆಟ್ಟಿಗೆಗಳನ್ನು ಜೋಡಿಸಿದಳು. ಗುಬ್ಬಚ್ಚಿ ಡಬ್ಬಿ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಹತ್ತು ನಿಮಿಷ ಕೂರುವುದು, ಅಷ್ಟು ಹೊತ್ತು ಅವಳ ಗಿರಾಕಿಯನ್ನು ಇನ್ನೊಬ್ಬರು ನೋಡಿಕೊಳ್ಳುವುದು. ಒಂದು ವಾರದಲ್ಲಿ ಉಳಿದ ಹೆಂಗಸರೂ ಸರದಿಯಲ್ಲಿ "ಡಬ್ಬಿ ಹುಡುಕಲು" ಹೋಗತೊಡಗಿದರು. ಏಣಿ ಅಲ್ಲಿ ಕೂತಾಗ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು. ಆದರೂ ಸಿಂಹಾಸನ ಸಿಕ್ಕವಳ ಹಾಗೆ ನಿಟ್ಟುಸಿರು ಬಿಡುತ್ತಿದ್ದಳು.

ಮೂರನೇ ವಾರ ಪೆಟ್ಟಿಗೆಗಳ ಮಧ್ಯಭಾಗ ಕುಸಿಯಿತು. ಗಡಿಯಾರ ಬಂದು ಆ ತಗ್ಗನ್ನು ನೋಡಿಕೊಂಡು ಹೋದ. ಸಂಜೆಯೊಳಗೆ ಅಲ್ಲಿ ಐದನೇ ಕ್ಯಾಮೆರಾ ಬಂತು.

ಶಾಲೆ ಶುರುವಾಗುವ ಹಿಂದಿನ ವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಪ್ಪು ಬೂಟು, ಬಿಳಿ ಬೂಟು, ಅಳುವ ಮಕ್ಕಳು, ಒಂದು ಸೈಜು ದೊಡ್ಡದೇ ಇರಲಿ ಎನ್ನುವ ತಾಯಂದಿರು. ಅಂಥ ಒಂದು ದಿನ ಒಬ್ಬ ವಯಸ್ಸಾದ ಹೆಂಗಸು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಗುಬ್ಬಚ್ಚಿ ಏಳು ತಿಂಗಳ ಹೊಟ್ಟೆ ಹೊತ್ತು ಮೂರನೇ ಸಲ ಮಂಡಿಯೂರಲು ಹೋದಾಗ ಆ ಹೆಂಗಸು ಅವಳ ತೋಳು ಹಿಡಿದರು.

"ಅಯ್ಯೋ, ಇದೇನಮ್ಮ ಕರ್ಮ. ಬಾ, ಇಲ್ಲಿ ಪಕ್ಕದಲ್ಲಿ ಕೂತ್ಕೊಂಡು ಹಾಕು."

ಗುಬ್ಬಚ್ಚಿ ಕೂತಳು. ಮಗುವಿನ ಕಾಲನ್ನು ತನ್ನ ಬದಿಗೆ ಇಟ್ಟುಕೊಂಡು ಲೇಸು ಕಟ್ಟಿದಳು. ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ಅಂಗಡಿ ಮುಚ್ಚುವ ಹೊತ್ತಿಗೆ ಅವಳಿಗೆ ಮೇಲಿನ ಆಫೀಸಿಗೆ ಕರೆ ಬಂತು.

ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದ ದೊಡ್ಡಕ್ಕನ ಬಳಿ ಅವಳು ಮೆಲ್ಲಗೆ ಬಂದು ನಿಂತಳು.

"ಸೋಮವಾರದಿಂದ ಬರಬೇಡ ಅಂದ್ರು ಅಕ್ಕಾ. ಹೆರಿಗೆ ಆಗ್ಲಿ, ಆಮೇಲೆ ನೋಡೋಣ ಅಂದ್ರು." ಮತ್ತೆ ಕೇಳಿದಳು, "ಆಮೇಲೆ ನೋಡೋಣ ಅಂದ್ರೆ ಕರೀತಾರೆ ಅಂತಾನಾ?"

ದೊಡ್ಡಕ್ಕನಿಗೆ ಸುಳ್ಳು ಹೇಳುವಷ್ಟು ಶಕ್ತಿಯೂ ಆ ಹೊತ್ತಿನಲ್ಲಿ ಉಳಿದಿರಲಿಲ್ಲ. "ಇಲ್ಲ ಕಣೆ" ಎಂದಳು.

ಮಂಗಳವಾರ, ಅಂಗಡಿಯ ವಾರದ ರಜೆಯ ದಿನ, ಅವಳು ಕಾರ್ಮಿಕ ಇಲಾಖೆಯ ಆಫೀಸಿಗೆ ಹೊರಟಾಗ ಗಂಡ ತಡೆದ. "ಊರ ಉಸಾಬರಿ ನಿನಗ್ಯಾಕೆ? ಇರೋ ಒಂದು ರಜೆ, ಕಾಲು ಚಾಚಿ ಮಲಗು."

"ಮಲಗಿದ್ರೂ ನೋಯುತ್ತೆ. ಹೋಗಿ ಬಂದೇ ನೋಯ್ಲಿ ಬಿಡು" ಎಂದು ಚಪ್ಪಲಿ ಮೆಟ್ಟಿದಳು.

ಆಫೀಸಿನಲ್ಲಿ ಎರಡು ಗಂಟೆ ಕಾಯಬೇಕಾಯಿತು. ಕಾಯುವವರಿಗೆ ಅಲ್ಲೂ ಕುರ್ಚಿಯಿರಲಿಲ್ಲ. ಕೊನೆಗೆ ಒಳಗೆ ಕರೆದ ಇನ್‌ಸ್ಪೆಕ್ಟರ್ ಮೇಡಂ ಐವತ್ತರ ಹತ್ತಿರದವರು, ಕಣ್ಣಿನ ಕೆಳಗೆ ಕಪ್ಪು. ಸಂಜೆ ನಾಲ್ಕಾಗಿದ್ದರೂ ಮಧ್ಯಾಹ್ನದ ಊಟದ ಡಬ್ಬಿ ಮೇಜಿನ ಮೇಲೆ ಮುಚ್ಚಿಕೊಂಡೇ ಇತ್ತು. ದೊಡ್ಡಕ್ಕ ಹೇಳಿದ್ದನ್ನೆಲ್ಲ ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ ಕಪಾಟಿನಿಂದ ಅಂಚು ಹರಿದ ಒಂದು ಪುಸ್ತಕ ತೆಗೆದು, ಹಾಳೆ ತಿರುವಿ, ಒಂದು ಸಾಲಿನ ಮೇಲೆ ಪೆನ್ನು ಇಟ್ಟರು.

"ಓದೋಕೆ ಬರುತ್ತಾ?"

ಬರುತ್ತಿತ್ತು. ಅಂಗಡಿಗಳಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಕೂರಲು ಆಸನ ಒದಗಿಸತಕ್ಕದ್ದು, ಕೆಲಸದ ನಡುವೆ ಅವಕಾಶವಾದಾಗ ಕೂರಲು ಬಿಡತಕ್ಕದ್ದು. ಕೆಳಗೆ ಇನ್ನೊಂದು ಸಾಲು: ಬಸುರಿಯೆಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯತಕ್ಕದ್ದಲ್ಲ.

"ಇದು ಯಾವಾಗ ಬಂತು ಮೇಡಂ?"

"ಹದಿನಾಲ್ಕು ವರ್ಷ ಆಯ್ತು."

ದೊಡ್ಡಕ್ಕ ಆ ಸಾಲನ್ನು ಮತ್ತೊಮ್ಮೆ ಓದಿದಳು. ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಬಗೆಯ ಸುಸ್ತು. ಹದಿನಾಲ್ಕು ವರ್ಷ, ದಿನಕ್ಕೆ ಹತ್ತೂವರೆ ಗಂಟೆ, ಈ ಪುಸ್ತಕ ಈ ಕಪಾಟಿನಲ್ಲಿದ್ದಾಗ ತಾನು ಅಂಗಡಿಯಲ್ಲಿ ನಿಂತಿದ್ದಳು.

"ನಮಗೆ ಯಾರೂ ಹೇಳಲೇ ಇಲ್ಲ" ಎಂದಳು. "ಯಾರು ಹೇಳ್ಬೇಕಿತ್ತು?"

"ನಾವೇ." ಮೇಡಂ ಪುಸ್ತಕ ಮುಚ್ಚಿದರು. "ಇಡೀ ಊರಿಗೆ ಮೂರು ಜನ ಇದೀವಮ್ಮ. ಅದರಲ್ಲೂ ಒಬ್ಬರು ಈಗ ರಜೆ ಮೇಲಿದಾರೆ."

"ಹುಷಾರಿಲ್ವಾ?"

"ಹೆರಿಗೆ ರಜೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ನಗು ಬಂತು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ದೂರಿಗೆ ಒಂದು ಸಹಿ ಸಾಕು, ಆದರೆ ಹೆಚ್ಚಿದ್ದಷ್ಟೂ ಗಟ್ಟಿ ಎಂದು ಮೇಡಂ ಹೇಳಿ ಕಳಿಸಿದ್ದರು. ದೊಡ್ಡಕ್ಕ ಕಾಗದವನ್ನು ಎದೆಗೆ ಅವಚಿಕೊಂಡು ಒಬ್ಬೊಬ್ಬರ ಬಳಿ ಹೋದಳು. ಒಬ್ಬಳು, ಮನೆಯಲ್ಲಿ ಕೇಳಿ ಹೇಳ್ತೀನಿ ಎಂದಳು. ಇನ್ನೊಬ್ಬಳು, ನನಗೇನು ಕಾಲುನೋವಿಲ್ಲಪ್ಪ ಎಂದಳು, ಹೇಳುವಾಗಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದಳು. ಏಣಿಯನ್ನು ಅವಳು ಕೊನೆಗೆ ಉಳಿಸಿಕೊಂಡಿದ್ದಳು. ಹದಿನೆಂಟು ವರ್ಷ ಪಕ್ಕಪಕ್ಕ ನಿಂತವರು. ಒಬ್ಬಳ ಮನೆಯ ಸುದ್ದಿ ಇನ್ನೊಬ್ಬಳಿಗೆ ಅಂಗೈಯ ಗೆರೆಯಷ್ಟು ಚೆನ್ನಾಗಿ ಗೊತ್ತು.

ಏಣಿ ಕಾಗದ ಪೂರ್ತಿ ಓದಿ ವಾಪಸ್ ಕೊಟ್ಟಳು.

"ಆಗಲ್ಲ ದೊಡ್ಡಕ್ಕ."

"ಯಾಕೆ ಅಂತ ಕೇಳಲ್ಲ ಬಿಡು."

"ಕೇಳು. ಕೇಳದೆ ಹೋದ್ರೆ ಇನ್ನೂ ಕಷ್ಟ. ನಮ್ಮನೆಯವರು ಬಿದ್ದು ಎರಡು ವರ್ಷ ಆಯ್ತು, ಹಾಸಿಗೆ ಬಿಟ್ಟು ಎದ್ದಿಲ್ಲ. ನಾನೊಬ್ಬಳು ನಿಂತ್ಕೊಂಡಿರೋದ್ರಿಂದ ಮನೆ ನಿಂತಿದೆ. ನನ್ನನ್ನ ಕೂರಿಸ್ತೀನಿ ಅಂತ ಹೋಗಿ ಮನೆ ಮಲಗಿಸ್ಬೇಡ." ಕಣ್ಣು ಒರೆಸಿಕೊಂಡು ಮುಂದೆ ಹೇಳಿದಳು, "ಬೆಕ್ಕಿಗೆ ಗಂಟೆ ಕಟ್ಟೋರು ಯಾರಾದ್ರೂ ಇರಬೇಕು ಅಂತ ನನಗೂ ಗೊತ್ತು. ಅದು ನಾನಲ್ಲ ಅಂತಾನೂ ಗೊತ್ತು."

ಕಾಗದದ ಮೇಲೆ ಕೊನೆಗೆ ಎರಡೇ ಸಹಿ ಬಿದ್ದವು: ದೊಡ್ಡಕ್ಕನದು, ಗುಬ್ಬಚ್ಚಿಯದು. ಗುಬ್ಬಚ್ಚಿ ಮನೆಯಲ್ಲಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತು ಸಹಿ ಮಾಡಿದಳು. ಅಂಗಡಿಗೆ ಸೇರುವಾಗ ಖಾಲಿ ಹಾಳೆಯ ಮೇಲೆ ಮಾಡಿದ ನಂತರ ಇದೇ ಎರಡನೇ ಸಲ ಸಹಿ ಹಾಕುತ್ತಿರುವುದು ಎಂದಳು. ಖಾಲಿ ಹಾಳೆಗೆ ಎಲ್ಲರೂ ಹಾಕಿದ್ದರು. ದೊಡ್ಡಕ್ಕನೂ ಹಾಕಿದ್ದಳು. ಆಗ ಅದು ಅವಳಿಗೆ ದೊಡ್ಡ ವಿಷಯ ಅನ್ನಿಸಲಿಲ್ಲ.

ಇನ್‌ಸ್ಪೆಕ್ಟರ್ ಬರುವ ಸುದ್ದಿ ಅಂಗಡಿಗೆ ಹೇಗೆ ಮುಟ್ಟಿತೋ, ಅವರು ಬರುವ ಹಿಂದಿನ ದಿನವೇ ಒಂಬತ್ತು ನೀಲಿ ಪ್ಲಾಸ್ಟಿಕ್ ಸ್ಟೂಲುಗಳು ಬಂದವು. ಒಂದರೊಳಗೊಂದು ಸಿಕ್ಕಿಸಿದ್ದ ಗೋಪುರವನ್ನು ಗಡಿಯಾರ ತಾನೇ ಹೊತ್ತು ತಂದು, ಗೋಡೆಯ ಉದ್ದಕ್ಕೂ ಸಾಲಾಗಿ ಇಟ್ಟ. ಎಂಟು ಜನಕ್ಕೆ ಒಂಬತ್ತು ಸ್ಟೂಲು. ಗುಬ್ಬಚ್ಚಿ ಇಲ್ಲವೆಂಬುದು ಲೆಕ್ಕಕ್ಕೆ ಬಂದಂತಿರಲಿಲ್ಲ, ಅಥವಾ ಬೇಕೆಂದೇ ಹಾಗೆ ಮಾಡಿದ್ದರೋ.

"ನಾಳೆ ಮೇಡಂ ಬಂದಾಗ ಎಲ್ಲರೂ ಕೂತಿರಿ" ಎಂದ. ಆ ಮಾತು ತನ್ನ ಬಾಯಿಂದಲೇ ಬಂದದ್ದು ಅವನಿಗೇ ವಿಚಿತ್ರವೆನ್ನಿಸಿರಬೇಕು, ಒಂದು ಸಲ ಕೆಮ್ಮಿದ.

ಮರುದಿನ ಎಂಟು ಹೆಂಗಸರು ಸ್ಟೂಲುಗಳ ತುದಿಯಲ್ಲಿ, ಫೋಟೋ ತೆಗೆಸಿಕೊಳ್ಳಲು ಬಂದ ನೆಂಟರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ನಿಜಕ್ಕೂ ಫೋಟೋ ತೆಗೆದರು. ಮೇಡಂ ಒಬ್ಬೊಬ್ಬರನ್ನೇ ಕೇಳಿದರು: ಕೂರೋಕೆ ಬಿಡ್ತಾರಾ? ಬಿಡ್ತಾರೆ. ಯಾವಾಗಿನಿಂದ? ಮೊದಲಿಂದಾನೂ. ಏಣಿ ಕೂಡ ನೆಲ ನೋಡುತ್ತ, ಮೊದಲಿಂದಾನೂ ಎಂದಳು.

ದೊಡ್ಡಕ್ಕನ ಸರದಿ ಬಂತು. ಗಡಿಯಾರ ಪಕ್ಕದಲ್ಲೇ ನಿಂತಿದ್ದ.

"ನಿನ್ನೆ ಬಂದ್ವು ಮೇಡಂ" ಎಂದಳು. "ಕೆಳಗೆ ಅಂಟಿಸಿರೋ ಬೆಲೆ ಚೀಟಿ ಹಾಗೇ ಇದೆ, ನೋಡಿ."

ಎದ್ದು ತನ್ನ ಸ್ಟೂಲನ್ನು ತಲೆಕೆಳಗು ಮಾಡಿ ತೋರಿಸಿದಳು. ಮೇಡಂ ಚೀಟಿ ನೋಡಿ ಬರೆದುಕೊಂಡರು. ಅವರು ಮೆಟ್ಟಿಲಿಳಿದು ಹೋದ ಹತ್ತು ನಿಮಿಷದಲ್ಲಿ ಸ್ಟೂಲುಗಳು ಮತ್ತೆ ಒಂದರೊಳಗೊಂದು ಸೇರಿ ದಾಸ್ತಾನು ಕೋಣೆಗೆ ಹೋದವು.

ಆ ಸಂಜೆ ಯಾರೂ ದೊಡ್ಡಕ್ಕನ ಜೊತೆ ಬಸ್ ಸ್ಟಾಪಿಗೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಎರಡೂಕಾಲಿಗೆ ಗಿರಾಕಿಗಳು ಖಾಲಿಯಾದರು. ದೊಡ್ಡಕ್ಕ ದಾಸ್ತಾನು ಕೋಣೆಗೆ ಹೋಗಿ ಗೋಪುರದ ಮೇಲಿನ ಸ್ಟೂಲನ್ನು ಎಳೆದಳು. ಅದು ಸುಲಭವಾಗಿ ಬರಲಿಲ್ಲ, ಕಾಲಲ್ಲಿ ಅದುಮಿ ಹಿಡಿದು ಎಳೆಯಬೇಕಾಯಿತು. ತಂದು, ಮಕ್ಕಳ ಬೂಟಿನ ಕಪಾಟಿನ ಪಕ್ಕ ಇಟ್ಟು, ಕೂತಳು.

ಗಡಿಯಾರ ಎರಡು ನಿಮಿಷದೊಳಗೆ ಬಂದ.

"ಯಾರು ಹೇಳಿದ್ದು ಕೂರೋಕೆ?"

"ಡಾಕ್ಟ್ರು ಹೇಳಿದಾರೆ. ಕಾನೂನೂ ಹೇಳಿದೆ. ಇನ್ನು ನೀವೊಬ್ಬರು ಬಾಕಿ."

ಅವನಿಗೆ ಗಾದೆ ಹೊಳೆಯಲಿಲ್ಲ. ಯಜಮಾನರು ಕರೆಯುತ್ತಾರೆ ಎಂದು ಹೇಳಿ ಹೋದ.

ಯಜಮಾನರು ಕರೆದರು. ದೊಡ್ಡ ಮೇಜು, ಈಚೆಗೆ ಎರಡು ಕುರ್ಚಿ. ಅವಳು ನಿಂತೇ ಇದ್ದಳು.

"ಇಪ್ಪತ್ತೊಂದು ವರ್ಷ ನಿಮ್ಮನ್ನ ಮನೆ ಮಗಳ ಹಾಗೆ ನೋಡ್ಕೊಂಡಿದೀವಿ" ಎಂದರು ಯಜಮಾನರು. ದನಿಯಲ್ಲಿ ನಿಜವಾದ ನೋವಿತ್ತು. "ಏನಾದ್ರೂ ಬೇಕಿದ್ರೆ ನನ್ನ ಹತ್ರ ಬಂದು ಕೇಳಬಹುದಿತ್ತು. ಬೀದಿಗೆ ಯಾಕೆ ಹೋದ್ರಿ?"

"ಮನೆ ಮಗಳು ಬಸುರಿ ಆದ್ರೆ ಮನೆಯಿಂದ ಆಚೆ ಹಾಕ್ತಾರಾ ಸಾರ್?"

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋಗಿ ಕೆಲಸ ನೋಡಿ" ಎಂದರು. ಇಲಾಖೆಯ ನೋಟೀಸು ಆ ಮೇಜಿನ ಮೇಲೆಯೇ ಇತ್ತು, ಆದ್ದರಿಂದ ಅವಳನ್ನು ತೆಗೆಯುವ ಧೈರ್ಯ ಅವರಿಗಿರಲಿಲ್ಲ.

ಗೆದ್ದೆ ಎಂದು ಅವಳಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಸ್ಟೂಲಿನ ಮೇಲೆ ಕೂತರೆ ಕೂರಲಾಗುತ್ತಿರಲಿಲ್ಲ. ಏಳು ಜನ ನಿಂತಿರುವಾಗ ಒಬ್ಬಳೇ ಕೂರುವುದು ಎಂಥ ಶಿಕ್ಷೆಯೆಂದು ಅವಳಿಗೆ ಗೊತ್ತಿರಲಿಲ್ಲ. ಉಟ್ಟ ಬಟ್ಟೆ ಸರಿಮಾಡಿಕೊಳ್ಳುವಳು, ಕೈ ಎಲ್ಲಿಡುವುದೆಂದು ತಿಳಿಯದೆ ಲೇಸುಗಳನ್ನು ಸುತ್ತಿಡುವಳು. ಹುಡುಗಿಯರು ಅವಳ ಕಡೆ ನೋಡದೆ ದಾಟಿಹೋಗುತ್ತಿದ್ದರು. ಊಟದ ಹೊತ್ತಿನಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಎರಡನೇ ದಿನ ಸ್ಟೂಲನ್ನು ವಾಪಸ್ ಇಟ್ಟುಬಿಡೋಣ ಎಂದು ಎದ್ದವಳು, ಕೋಣೆಯ ಬಾಗಿಲವರೆಗೆ ಹೋಗಿ, ಗಂಬೂಟಿನ ಕುಸಿದ ಪೆಟ್ಟಿಗೆಗಳನ್ನು ನೋಡಿ, ಮತ್ತೆ ತಂದು ಕೂತಳು.

ಮನೆಯಲ್ಲಿ ಗಂಡ ಕೇಳಿದ, "ಹೇಗಿದೆ ಕಾಲು?"

"ಕಾಲು ಪರವಾಗಿಲ್ಲ. ಉಳಿದಿದ್ದು ನೋಯುತ್ತೆ."

ಅವನು ಬಿಸಿನೀರಿನ ಬಕೆಟ್ಟು ತಂದು ಅವಳ ಪಾದದ ಮುಂದಿಟ್ಟ. ಬಗ್ಗುವಾಗ ಅವನ ಸೊಂಟ ಲಟಕ್ ಎಂದಿತು. ಬಕೆಟ್ಟಿನಲ್ಲಿ ಅವಳ ಕಾಲು, ಗೋಡೆಗೆ ಅವನ ಸೊಂಟ, ಹಾಗೇ ಕೂತರು.

ಐದನೇ ದಿನ ಮಧ್ಯಾಹ್ನ ಏಣಿ ದಾಸ್ತಾನು ಕೋಣೆಗೆ ಹೋಗಿ ಒಂದು ಸ್ಟೂಲು ತಂದು ದೊಡ್ಡಕ್ಕನ ಪಕ್ಕದಲ್ಲಿ ದಡಾರನೆ ಇಟ್ಟು ಕೂತಳು. ಮುಖ ಮಾತ್ರ ಆಚೆ ತಿರುಗಿಸಿದ್ದಳು.

"ನಿನ್ನ ಮೇಲಿನ ಪ್ರೀತಿಗಲ್ಲ" ಎಂದಳು. "ಮಂಡಿ ನೋವಿಗೆ."

"ಆಯ್ತು."

"ಸಹಿ ಗಿಹಿ ನಾನು ಮಾಡಲ್ಲ."

"ಬೇಡ ಬಿಡು."

"ಕೂತ್ಕೊಂಡ್ರೆ ಮಂಡಿ ಇನ್ನೂ ಜಾಸ್ತಿ ನೋಯುತ್ತಲ್ಲೇ, ಇದಕ್ಕಾ ನೀನು ಇಷ್ಟು ರಂಪ ಮಾಡಿದ್ದು?"

"ಮೊದಮೊದಲು ನೋಯುತ್ತೆ. ಅಭ್ಯಾಸ ಆಗ್ಬೇಕು."

ಗಡಿಯಾರ ದೂರದಿಂದ ನೋಡಿ, ಮಣಿಕಟ್ಟು ನೋಡಿಕೊಂಡು, ಮೆಟ್ಟಿಲಿಳಿದು ಹೋದ. ಮುಂದಿನ ವಾರ ಇನ್ನಿಬ್ಬರು ಕೂತರು, ಅದರ ಮುಂದಿನ ವಾರ ಉಳಿದವರು. ತಿಂಗಳು ಕಳೆದ ಮೇಲೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಗಿರಾಕಿಗಳಿಲ್ಲದ ಸಮಯದಲ್ಲಿ ಸಿಬ್ಬಂದಿ ಒಂದು ಸಲಕ್ಕೆ ಇಬ್ಬರಂತೆ ಕೂರಬಹುದು ಎಂದಿತ್ತು. ಎಲ್ಲರೂ ಎಂದು ಕಾನೂನು ಹೇಳಿದ್ದನ್ನು ಇಬ್ಬರು ಎಂದು ಇಳಿಸಿದ್ದರು. ದೊಡ್ಡಕ್ಕ ಅದನ್ನು ಮೇಡಂಗೆ ಫೋನಿನಲ್ಲಿ ಹೇಳಿದಳು. ಬರೆದುಕೊಳ್ತೀನಿ, ಸ್ವಲ್ಪ ತಡ ಆಗುತ್ತೆ ಎಂದರು. ಶೌಚಾಲಯದ ಪುಸ್ತಕ ಹಾಗೇ ಉಳಿಯಿತು. ಒಂಬತ್ತನೇ ಸ್ಟೂಲಿನ ಮೇಲೆ ಹತ್ತಿ ಗಡಿಯಾರ ಬಲ್ಬು ಬದಲಾಯಿಸುತ್ತಿದ್ದ.

ಗುಬ್ಬಚ್ಚಿಗೆ ಹೆಣ್ಣು ಮಗು ಹುಟ್ಟಿತು. ದೊಡ್ಡಕ್ಕ, ಏಣಿ ಇಬ್ಬರೂ ರಜೆಯ ದಿನ ನೋಡಲು ಹೋದರು. ಒಂದೇ ಕೋಣೆಯ ಮನೆ, ಕಿಟಕಿಗೆ ಒದ್ದೆ ಬಟ್ಟೆಗಳ ಪರದೆ. ಅವಳ ಅತ್ತೆ ಬಂದವರಿಗೆ ಚಾಪೆ ಹಾಸಿ, ಮಗುವನ್ನು ಏಣಿಯ ಕೈಗೆ ಕೊಟ್ಟರು. ಅಷ್ಟು ಉದ್ದದ ತೋಳುಗಳಲ್ಲಿ ಮಗು ಒಂದು ಹಿಡಿಯಷ್ಟೇ ಕಾಣುತ್ತಿತ್ತು.

"ಈಗ ಕೂತ್ಕೋತೀರಂತೆ" ಎಂದಳು ಗುಬ್ಬಚ್ಚಿ.

"ಇಬ್ಬಿಬ್ಬರು" ಎಂದಳು ಏಣಿ.

"ಒಳ್ಳೇದಾಯ್ತು." ಅವಳು ಗೋಡೆ ನೋಡುತ್ತಿದ್ದಳು. "ನಾಲ್ಕು ನಿಮಿಷ ಕೂತಿದ್ದು ನಾನು. ಸ್ಟೂಲು ನಿಮಗೆ ಬಂತು. ನನ್ನ ಕೆಲಸ ಏನಾಯ್ತಕ್ಕಾ?"

ಕೆಲಸದಿಂದ ತೆಗೆದ ವಿಷಯ ಇಲಾಖೆಯಲ್ಲಿ ಬೇರೆ ವಿಚಾರಣೆಯಾಗಿ ನಡೆಯುತ್ತಿತ್ತು. ಮೊದಲ ದಿನಾಂಕಕ್ಕೆ ಅಂಗಡಿಯ ವಕೀಲರು ಬಂದಿರಲಿಲ್ಲ. ಎರಡನೆಯದಕ್ಕೆ ಬಂದು ಒಂದು ಕಾಗದ ಮುಂದಿಟ್ಟಿದ್ದರು: ವೈಯಕ್ತಿಕ ಕಾರಣಗಳಿಂದ ನಾನೇ ಕೆಲಸ ಬಿಡುತ್ತಿದ್ದೇನೆ. ಕೆಳಗೆ ಗುಬ್ಬಚ್ಚಿಯ ಸಹಿ. ಸೇರುವಾಗ ಖಾಲಿ ಹಾಳೆಯ ಮೇಲೆ ಮಾಡಿದ್ದು.

"ಇವರು ಸಾಕು ಬಿಡು ಅಂತಾರೆ" ಎಂದಳು ಗುಬ್ಬಚ್ಚಿ, ಗಂಡನ ಬಗ್ಗೆ. "ಮಗೂನ ಎತ್ಕೊಂಡು ಎಷ್ಟು ಸಲ ಅಲೀತೀಯ ಅಂತಾರೆ. ನನಗೂ ಒಂದೊಂದು ಸಲ ಸಾಕು ಅನ್ಸುತ್ತೆ."

"ಅನ್ಸುತ್ತೆ" ಎಂದಳು ದೊಡ್ಡಕ್ಕ. ತನಗೂ ಹಾಗೇ ಅನ್ನಿಸುತ್ತಿತ್ತು. "ಮುಂದಿನ ಸಲ ಬಾ. ಮಗೂನ ನಾನು ಎತ್ಕೋತೀನಿ. ಖಾಲಿ ಹಾಳೆ ಮೇಲೆ ನನ್ನ ಕೈಯಲ್ಲೂ ಸಹಿ ಹಾಕಿಸ್ಕೊಂಡಿದಾರೆ ಅಂತ ನಾನು ಹೇಳ್ತೀನಿ."

ಮಗು ಮುಲುಗಿತು. ಏಣಿ ಅದನ್ನು ಭುಜಕ್ಕೆ ಹಾಕಿಕೊಂಡು ತಟ್ಟುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು, "ನನ್ನ ಕೈಯಲ್ಲೂ ಹಾಕಿಸ್ಕೊಂಡಿದಾರೆ." ಅಷ್ಟೇ ಹೇಳಿದಳು. ತಾನೂ ಬಂದು ಹೇಳುತ್ತೇನೆಂದು ಹೇಳಲಿಲ್ಲ. ದೊಡ್ಡಕ್ಕ ಕೇಳಲೂ ಇಲ್ಲ.

ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ದೊಡ್ಡಕ್ಕ ರಜೆ ಕೇಳಲು ಕೆಳಗಡೆ ಗಡಿಯಾರನ ಮೇಜಿನ ಮುಂದೆ ನಿಂತಳು. ಅವನು ರಜೆಯ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದ.

"ನಾಳೆ ಪೂರ್ತಿ ದಿನಾನಾ?"

"ಪೂರ್ತಿ ದಿನ. ಅಲ್ಲಿ ಯಾವಾಗ ಕರೀತಾರೋ ಗೊತ್ತಿಲ್ಲ."

ಅವನು ತಾರೀಖು ಬರೆದ, ಕಾರಣದ ಜಾಗದಲ್ಲಿ 'ಸ್ವಂತ ಕೆಲಸ' ಎಂದು ಬರೆದ. ಇಪ್ಪತ್ತೊಂದು ವರ್ಷದಿಂದ ಎಲ್ಲ ಹೆಂಗಸರ ರಜೆಗೂ ಅದೇ ಕಾರಣ. ಮಗುವಿಗೆ ಜ್ವರ, ಅತ್ತೆ ಸತ್ತದ್ದು, ಗರ್ಭಪಾತ, ಎಲ್ಲವೂ ಸ್ವಂತ ಕೆಲಸ.

"ಅದಲ್ಲ" ಎಂದಳು ದೊಡ್ಡಕ್ಕ. "ಸಾಕ್ಷಿ ಹೇಳೋಕೆ ಅಂತ ಬರೀರಿ."

ಗಡಿಯಾರ ತಲೆಯೆತ್ತಿ ಅವಳನ್ನು ನೋಡಿದ. ಅವಳ ಮುಖದಲ್ಲಿ ಜಗಳವಿರಲಿಲ್ಲ. ಸರಿಯಾಗಿ ನಿದ್ದೆಯಾಗದ ಕಣ್ಣುಗಳಿದ್ದವು ಅಷ್ಟೆ. ಅವನು ಬರೆದದ್ದನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿದ್ದ ಚೂರು ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ. ಅವಳು ತಲೆಕೆಳಗಾಗಿಯೇ ಓದಿ, ಸರಿಯಾಗಿದೆಯೆಂದು ನೋಡಿಕೊಂಡು, ಮೇಲೆ ಹೋದಳು.

ಮೊದಲ ಮಹಡಿಯಲ್ಲಿ ಆಗಲೇ ಒಬ್ಬ ತಾಯಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಕಾಯುತ್ತಿದ್ದಳು. ದೊಡ್ಡಕ್ಕ ಅಳತೆಯ ಹಲಗೆ ತೆಗೆದುಕೊಂಡು ಅವರ ಕಡೆ ನಡೆದಳು.